ಆಕರಪಟ್ಟಿಯಲ್ಲಿ ಸೊಸೆಯ ಹೆಸರು

ಜನವರಿ 8, ಸೋಮವಾರ, ಬೆಳಗ್ಗೆ

ಶಶಿ, ಹೇಗಿದ್ದೀಯ? ಶ್ರೀಧರ್ ಭಾವನ ಕೆಮ್ಮು ಇಳಿಯಿತೇ? ನಿಮ್ಮತ್ತೆ ಲಕ್ಷ್ಮಮ್ಮನವರ ಮಂಡಿಗೆ ನಾನು ಕಳಿಸಿದ ಎಣ್ಣೆ ಹಿಡಿಯಿತೋ, ಇಲ್ಲಾ ಬಾಟಲಿ ಇನ್ನೂ ಗೂಡಿನಲ್ಲೇ ಇದೆಯೋ? ನಿನ್ನ ಮಗಳು ಕೃಪಾ ಚೆನ್ನಾಗಿದ್ದಾಳೆ. ಬಚ್ಚಲಲ್ಲಿದ್ದಾಳೆ, ಬಿಸಿನೀರು ಪೂರ್ತಿ ಅವಳದೇ. ನಿನ್ನ ಅತ್ತಿಗೆ ಯಮುನಾನೂ ಚೆನ್ನಾಗಿದ್ದಾಳೆ—ಅವಳ ಕೂಗು ನಿಮ್ಮ ಆನೇಕಲ್ಲಿಗೂ ಕೇಳಿಸಿರಬೇಕು.

ಇದು ಪೋಸ್ಟಿಗೆ ಹೋಗುವ ಕಾಗದವಲ್ಲ. ದಿನಾ ಫೋನಿನಲ್ಲಿ ಮಾತಾಡುತ್ತೇವೆ. ಆದರೂ ಡೈರಿ ತೆರೆದರೆ ಕೈ ತಾನಾಗಿ ‘ಶಶಿ’ ಅಂತಲೇ ಶುರುಮಾಡುತ್ತೆ. ಯಶವಂತಪುರದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ಸೇರಿದ ಕಾಲದ ಅಭ್ಯಾಸ. ಆಗ ಇನ್‌ಲ್ಯಾಂಡ್ ಲೆಟರ್, ಈಗ ಡೈರಿ. ಯಮುನಾ ಅಣಕಿಸುತ್ತಾಳೆ—ತಂಗಿಗೆ ಬರೀತೀರ, ಕಳಿಸಲ್ಲ, ನನಗೂ ಓದಿ ಹೇಳಲ್ಲ, ಯಾರಿಗೋಸ್ಕರ ಈ ಸಂಸಾರ ಅಂತ.

ಬಸ್ಸಿಗೆ ಹೊತ್ತಾಯಿತು. ಚಿಕ್ಕಬಾಣಾವರದಿಂದ ಪೀಣ್ಯಕ್ಕೆ ಮಾವ ಸೊಸೆ ಒಂದೇ ಬಸ್ಸು. ಕಂಪನಿಯ ಬೀದಿ ಬಂದ ಮೇಲೆ ಅವಳು ಬೇಕೆಂದೇ ಮುಂದೆ ನಡೆದುಬಿಡುತ್ತಾಳೆ. ಮಾವನ ರೆಕಮೆಂಡೇಶನ್ ಅಂತ ಯಾರೂ ಅನ್ನಬಾರದಂತೆ. ಸ್ವಾಭಿಮಾನ. ನಿನ್ನದೇ ರಕ್ತ.

ಅದೇ ದಿನ, ಸಂಜೆ

ಅಲ್ಲಿ ನೀನು ಮಾಡುವುದಾದರೂ ಏನಣ್ಣ ಅಂತ ಕೇಳುತ್ತಿರುತ್ತೀಯ. ಫೋನಿನಲ್ಲಿ ಹೇಳಲು ಬರುವುದಿಲ್ಲ, ಬರೆದರೆ ಬರುತ್ತೆ. ನಮ್ಮ ಕಂಪನಿ ಪ್ಲಾಸ್ಟಿಕ್ ಸಾಮಾನು ಅಚ್ಚು ಹಾಕುವ ಮಷೀನುಗಳಿಗೆ ಸಾಫ್ಟ್‌ವೇರ್ ಮಾಡುತ್ತೆ. ಜೊತೆಗೊಂದು ಮ್ಯಾನ್ಯುಯಲ್. ಅದರ ಕೊನೆಯಲ್ಲಿ ಆಕರಪಟ್ಟಿ—ಪುಸ್ತಕದೊಳಗಿನ ಅಂಕಿ, ಮಾತು ಎಲ್ಲಿಂದ ಬಂತು ಅಂತ ಹೇಳುವ ಪಟ್ಟಿ. ಅದು ನನ್ನ ಪಾಲಿನ ಕೆಲಸ. ಆಕರಗಳೆಲ್ಲ ಒಂದು ಫೈಲಿನಲ್ಲಿರುತ್ತವೆ, ಒಂದೊಂದಕ್ಕೂ ಒಂದು ಅಡ್ಡಹೆಸರು. ಪುಸ್ತಕದೊಳಗೆ ಆ ಅಡ್ಡಹೆಸರು ಬರೆದರೆ ಸಾಕು, ಅಲ್ಲಿ ನಂಬರು, ಕೊನೆಯಲ್ಲಿ ಪೂರ್ತಿ ವಿವರ, ತಾನಾಗಿ ಹೋಗಿ ಕೂರುತ್ತೆ. ಮೊಳೆ ಜೋಡಿಸುವ ಕಾಲದಲ್ಲಿ ಇದು ಇದ್ದಿದ್ದರೆ ನನ್ನ ಕಣ್ಣು ಇಷ್ಟು ಹೋಗುತ್ತಿರಲಿಲ್ಲ.

ನಮ್ಮ ವಿಭಾಗಕ್ಕೆ ದಿವ್ಯಾ ಅಂತ ಒಬ್ಬಳು ಮುಖ್ಯಸ್ಥೆ. ವಯಸ್ಸಿನಲ್ಲಿ ಕೃಪಾಳ ಅಕ್ಕನಂತಿದ್ದಾಳೆ. ಬಹಳ ಕಟ್ಟುನಿಟ್ಟು. ಸೆಟ್ಟಿಂಗಿನ ಅಧ್ಯಾಯದಲ್ಲಿ ಯಾವ ಅಂಕಿಗೆ ಆಕರವಿಲ್ಲವೋ ಅಲ್ಲಿ ಕೆಂಪು ಪ್ರಶ್ನಾರ್ಥಕ ಚಿಹ್ನೆ ಬರುವ ಹಾಗೆ ಮಾಡಿಟ್ಟಿದ್ದಾಳೆ. ಅದು ಹೋಗುವವರೆಗೂ ಪುಸ್ತಕ ಹೊರಗೆ ಬರುವುದೇ ಇಲ್ಲ. ಆ ಕೆಂಪು ಕಂಡರೆ ನನಗಾಗದು. ಪ್ರೂಫಿನಲ್ಲಿ ಮೊಳೆ ಬಿದ್ದುಹೋದ ಜಾಗದ ಹಾಗೆ. ಏನಾದರೂ ತುಂಬಿಸುವವರೆಗೆ ಸಮಾಧಾನವಿಲ್ಲ.

ಜನವರಿ 19, ಶುಕ್ರವಾರ

ಶಶಿ, ಇವತ್ತು ನಗು ಬಂತು. ನಮ್ಮ ಚಿಕ್ಕಪ್ಪನ ಮಗನ ಮದುವೆ ಪತ್ರಿಕೆ ನೆನಪಿದೆಯಾ? ಆಗಮನ ಬಯಸುವವರ ಸಾಲಿನಲ್ಲಿ ದೊಡ್ಡತ್ತೆಯ ಗಂಡನ ಹೆಸರು ಬಿಟ್ಟುಹೋಯಿತು. ಮೊಳೆ ಜೋಡಿಸಿದವನು ನಾನೇ. ಅವರು ಊಟಕ್ಕೂ ಕೂರದೆ ಎದ್ದು ಹೋದರು, ಸಾಯುವವರೆಗೂ ಆ ಮನೆ ಹೊಸ್ತಿಲು ತುಳಿಯಲಿಲ್ಲ. ಅಲ್ಲಿಂದ ನಾನು ಕಲಿತದ್ದು ಒಂದೇ: ಹೆಸರು ಒಂದು ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ, ಒಂದು ಕಮ್ಮಿಯಾದರೆ ಸಂಬಂಧವೇ ಹೋಗುತ್ತೆ.

ಹೊಸ ಮ್ಯಾನ್ಯುಯಲ್ಲಿನ ಪಟ್ಟಿ ನೋಡುತ್ತಾ ಅದೇ ನೆನಪಾಯಿತು. ಜರ್ಮನಿಯವನು ಇದ್ದಾನೆ, ಪುಣೆಯವನು ಇದ್ದಾನೆ, ಮಷೀನಿನ ಎಣ್ಣೆ ಸೋರದಂತೆ ತಡೆಯುವ ಸೀಲ್ ಮಾರುವವನ ಕ್ಯಾಟಲಾಗ್ ಇದೆ. ನಮ್ಮ ಕೃಪಾ ಎಲ್ಲೂ ಇಲ್ಲ. ಕಳೆದ ಬೇಸಿಗೆಯಲ್ಲಿ ಶೆಡ್ಡಿನ ಶೀಟಿನ ಕೆಳಗೆ ಬೆಂದು ಈ ಮಷೀನನ್ನು ಟೆಸ್ಟ್ ಮಾಡಿದವಳು ಅವಳು. ಮನೆಗೆ ಬಂದರೆ ಮುಖ ಕೆಂಪು, ತಲೆ ತುಂಬ ಎಣ್ಣೆ ವಾಸನೆ. ಅವಳ ಟ್ರಯಲ್ ನೋಟ್ ಸರ್ವರಿನಲ್ಲಿ ಇದ್ದೇ ಇದೆ. ತೆರೆದು ನೋಡಿದೆ. ಎಣ್ಣೆಯ ಒತ್ತಡದ ಮಿತಿ 180 ಬಾರ್, ಮಷೀನು ಸರಿಯಾಗಿ ಓಡಿತು ಅಂತಿದೆ. ಪುಸ್ತಕದಲ್ಲಿ ಇರುವುದೂ 180. ಅದರ ಪಕ್ಕ ಸೀಲಿನವನ ಕ್ಯಾಟಲಾಗಿನ ನಂಬರಿತ್ತು. ಅದಕ್ಕೆ ಅಂಟಿಸಿ ಇವಳದೂ ಹಾಕಿದೆ.

ದಿವ್ಯಾ ನೋಡಿ ಕೇಳಿದಳು, “ಇದು ಬೇಕಾ ಸಾರ್? ಕ್ಯಾಟಲಾಗ್ ಇದೆಯಲ್ಲ.”

ನಾನಂದೆ, “ಇರಲಿ ಬಿಡಮ್ಮ. ಒಂದು ಹೆಸರು ಜಾಸ್ತಿಯಾದ್ರೆ ಪುಸ್ತಕ ಏನು ಭಾರ ಆಗುತ್ತಾ?”

ನಕ್ಕಳು. ಬಿಟ್ಟಳು.

ಕೃಪಾಗೆ ಹೇಳಿಲ್ಲ. ಅಚ್ಚಾಗಿ ಬಂದ ಮೇಲೆ ತೋರಿಸೋಣ.

ಫೆಬ್ರವರಿ 2, ಶುಕ್ರವಾರ

ಲಿಂಕ್ ನೋಡುವ ಕೆಲಸ. ಪಟ್ಟಿಯಲ್ಲಿರುವ ಒಂದೊಂದು ವಿಳಾಸವನ್ನೂ ಒತ್ತಿ ನೋಡುವುದು, ತೆರೆಯದಿದ್ದರೆ ಹೊಸದು ಹುಡುಕುವುದು, ಇಲ್ಲವೇ ತೆಗೆಯುವುದು. ಸತ್ತವರ ಹೆಸರಿನ ಮುಂದೆ ‘ದಿವಂಗತ’ ಸೇರಿಸುವ ಹಾಗೆ... ಬೇಜಾರಿನ ಕೆಲಸ.

ಸೀಲಿನವನ ಹಳೇ ಕ್ಯಾಟಲಾಗ್ ಪುಟ ಹೋಗಿಬಿಟ್ಟಿದೆ. ಹೊಸದು ಬೇಕಾದರೆ ಅವರಿಗೆ ಮೇಲ್ ಹಾಕಿ ಕೇಳಬೇಕಂತೆ. ಹಾಕೋಣ ಅಂದುಕೊಂಡೆ. ಆಮೇಲೆ ನೋಡಿದರೆ ಆ ಅಂಕಿಗೆ ಕೃಪಾಳ ನೋಟ್ ಇದ್ದೇ ಇದೆ, ಕೆಂಪು ಬರುವುದಿಲ್ಲ. ಹಳೆಯದನ್ನು ತೆಗೆದೆ. ಪುಸ್ತಕ ಒಂದೇ ಸಲಕ್ಕೆ ಆಯಿತು. ಕೆಂಪು ಒಂದೂ ಇಲ್ಲ.

ಬರುವಾಗ ದಾಸರಹಳ್ಳಿಯಲ್ಲಿ ಇಳಿದು ಕಡಲೆಕಾಯಿ ತಂದೆ. ಕೃಪಾಗೆ ಇಷ್ಟ.

ಫೆಬ್ರವರಿ 20, ಮಂಗಳವಾರ

ಮ್ಯಾನ್ಯುಯಲ್ ಗಿರಾಕಿಗಳಿಗೆ ಹೋಯಿತು. ಯಮುನಾಗೆ ಕೊನೆಯ ಪುಟ ತೋರಿಸಿದೆ. ಬೆರಳಿಟ್ಟು ಓದಿದಳು—ಕೃಪಾ ಎಸ್. ಕಣ್ಣು ತುಂಬಿಕೊಂಡಳು. ಯಮುನಾಳ ಹೆಸರು ಯಾವ ಪುಸ್ತಕದಲ್ಲೂ ಬಂದಿಲ್ಲ, ಪಾಪ, ರೇಷನ್ ಕಾರ್ಡ್ ಬಿಟ್ಟರೆ.

ಕೃಪಾಗೆ ತೋರಿಸಬೇಕು. ಅವಳು ಬೇರೆ ಮಷೀನಿನ ಟೆಸ್ಟಿಗೆ ಅಂತ ಹೊಸೂರಿಗೆ ಹೋಗಿದ್ದಾಳೆ. ಬರಲಿ.

ಏಪ್ರಿಲ್ 9, ಮಂಗಳವಾರ, ಯುಗಾದಿ

ಎಷ್ಟು ದಿನವಾಯಿತು ಬರೆದು. ಸಂತೋಷ ಇದ್ದಾಗ ಡೈರಿ ನೆನಪಾಗುವುದಿಲ್ಲ ನೋಡು. ಮೂರು ದಿನ ನಿಮ್ಮನೆಯಲ್ಲೇ ಇದ್ದೆವು. ಕೃಪಾಗೆ ನೋಡಿದ ಹುಡುಗ ಒಳ್ಳೆಯವನು, ಮಾತು ಕಮ್ಮಿ, ಒಬ್ಬಟ್ಟು ಜಾಸ್ತಿ. ಶ್ರಾವಣದ ಕೊನೆಯಲ್ಲಿ ಮದುವೆ ಅಂತ ಗೊತ್ತಾಯಿತು. ನೀನು ಎಲ್ಲರ ಎದುರಿಗೆ ಅಂದೆ, ಪತ್ರಿಕೆ ಕೆಲಸ ಅಣ್ಣನದು, ಹುಡುಗಿಯನ್ನು ಮಂಟಪಕ್ಕೆ ಕರೆತರುವುದೂ ಅಣ್ಣನದೇ ಅಂತ. ಸೋದರಮಾವ ಇನ್ಯಾಕೆ ಇರುವುದು?

ಮ್ಯಾನ್ಯುಯಲ್ ತೋರಿಸುವುದು ಈ ಗಡಿಬಿಡಿಯಲ್ಲಿ ಮರೆತೇಹೋಯಿತು. ಮದುವೆಗೆ ಮುಂಚೆ ಒಂದು ಪ್ರತಿ ಬೈಂಡ್ ಮಾಡಿಸಿ ಕೊಡೋಣ.

ಮೇ 13, ಸೋಮವಾರ

ಏನು ಬರೆಯಲಿ.

ದಾಬಸ್‌ಪೇಟೆ ಕಡೆಯ ಒಂದು ಯೂನಿಟ್ಟಿನಲ್ಲಿ ನಮ್ಮ ಸಾಫ್ಟ್‌ವೇರಿನ ಮಷೀನು. ಶನಿವಾರ ಸೀಲ್ ಒಡೆದು ಬಿಸಿ ಎಣ್ಣೆ ಚಿಮ್ಮಿದೆ. ಓಡಿಸುತ್ತಿದ್ದ ಬಸಲಿಂಗ ಅನ್ನುವವನ ಬಲಗೈ ಸುಟ್ಟಿದೆ, ಮೊಣಕೈವರೆಗೆ. ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ತೊಂದರೆ ಇಲ್ಲವಂತೆ.

ಸೀಲಿನವನು ತನ್ನ ಮಾಲು ಬದಲಾಯಿಸಿದ್ದನಂತೆ. ಹೊಸ ಕ್ಯಾಟಲಾಗಿನಲ್ಲಿ 160ರ ಮೇಲೆ ಹೋಗಬೇಡಿ ಅಂತ ದಪ್ಪಕ್ಷರದಲ್ಲಿದೆ. ಮೇಲ್ ಹಾಕಿ ಕೇಳಬೇಕಾಗಿದ್ದ ಕ್ಯಾಟಲಾಗ್. ನಮ್ಮ ಪುಸ್ತಕದಲ್ಲಿ 180. ಈ 180 ಹೇಳಿದ್ದು ಯಾರು ಅಂತ ಗಿರಾಕಿ ಕೇಳಿದ್ದಾನೆ. ಸೇಲ್ಸಿನವರು ಕೊನೆಯ ಪುಟ ತಿರುವಿ ಉತ್ತರ ಕಳಿಸಿಯೂ ಆಗಿದೆ—ನಮ್ಮ ಟೆಸ್ಟ್ ಇಂಜಿನಿಯರ್ ಕೃಪಾ ಎಸ್.

ಕೃಪಾ ಇನ್ನೂ ಮನೆಗೆ ಬಂದಿಲ್ಲ. ಯಮುನಾ ಎರಡು ಸಲ ಬಾಗಿಲಿಗೆ ಹೋಗಿ ಬಂದಳು.

ಮೇ 14, ಮಂಗಳವಾರ

ಮಾಲೀಕ ಅಮರಪ್ಪನವರ ಕೋಣೆ. ಕೃಪಾ, ದಿವ್ಯಾ, ನಾನು. ಕೃಪಾಳ ಮುಂದೆ ಆ ಪುಟ ಇಟ್ಟರು. ಅವಳು ಅದನ್ನು ನೋಡಿದ್ದು ಅದೇ ಮೊದಲು. ಹೀಗೆ ತೋರಿಸಬೇಕಾಯಿತು ಅವಳ ಹೆಸರನ್ನು.

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ಸೇರಿಸಿದ್ದು ನಾನು, ಕ್ಯಾಟಲಾಗ್ ತೆಗೆದದ್ದೂ ನಾನು, ಅವಳಿಗೆ ಗೊತ್ತೇ ಇಲ್ಲ. ದಿವ್ಯಾನೂ ಹೌದು ಸಾರ್, ನನಗೂ ಕಂಡಿತ್ತು, ನಾನೂ ಬಿಟ್ಟೆ ಅಂದಳು. ಪಾಪದ ಹುಡುಗಿ, ತನ್ನ ತಲೆಯನ್ನೂ ಕೊಟ್ಟಳು.

ಅಮರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮುನಿರಾಜು, ನೀವು ಹೇಳೋದು ನಿಜ ಅಂತ ನಾನು ನಂಬ್ತೀನಿ. ಗಿರಾಕಿಗೆ ಏನಂತ ಬರೀಲಿ? ಮಾವ ಪ್ರೀತಿಗೆ ಸೊಸೆ ಹೆಸರು ಹಾಕಿದ್ರು ಅಂತಲಾ? ನಾಳೆ ಆ ಪಟ್ಟಿಯಲ್ಲಿರೋ ಬೇರೆ ಯಾವ ಹೆಸರನ್ನ ಅವರು ನಂಬ್ತಾರೆ? ಈ ಮಗು ಮಾಡಿದ ಬೇರೆ ಟೆಸ್ಟ್‌ಗಳನ್ನ ಯಾರು ನಂಬ್ತಾರೆ?”

ಸುಳ್ಳು ನಿಂತರೂ ಅವಳಿಗೆ ಪೆಟ್ಟು, ನಿಜ ಹೇಳಿದರೂ ಅವಳಿಗೇ ಪೆಟ್ಟು. ಅಂಥ ಜಾಗದಲ್ಲಿ ತಂದು ನಿಲ್ಲಿಸಿದ್ದೇನೆ ಶಶಿ, ನಿನ್ನ ಮಗಳನ್ನು.

ವಿಚಾರಣೆ ಮುಗಿಯುವವರೆಗೆ ಅವಳು ಟೆಸ್ಟಿಂಗ್ ಮಾಡಬಾರದು ಅಂತಾಯಿತು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ಇಳಿದ ಮೇಲೆ ಮುಂದೆಯೂ ನಡೆಯಲಿಲ್ಲ, ನನ್ನ ಜೊತೆಗೇ ನಡೆದಳು. ಮುಂದೆ ನಡೆದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಮೇ 15, ಬುಧವಾರ, ಬೆಳಗ್ಗೆ

ಕೃಪಾ ಕಾಫಿ ತಂದುಕೊಟ್ಟು ಎದುರಿಗೆ ಕೂತಳು. ಧ್ವನಿ ಏರಿಸಲಿಲ್ಲ.

“ಮಾವ, ನನ್ನ ನೋಟ್ ಪೂರ್ತಿ ಓದಿದ್ರಾ?”

ನೋಡಿದೆ ಅಂದೆ.

“ನೋಡಿದ್ದಲ್ಲ. ಓದಿದ್ರಾ? ಕೊನೇ ಸಾಲು?”

ಓದಿರಲಿಲ್ಲ. ಮೇಲೆ ಅವಳ ಹೆಸರಿತ್ತು, ನಡುವೆ 180 ಇತ್ತು. ನನಗೆ ಬೇಕಾದ್ದು ಅಷ್ಟೇ. ಅವಳೇ ಫೋನಿನಲ್ಲಿ ತೆರೆದು ತೋರಿಸಿದಳು. ಹಳೇ ಸೀಲ್ ಇರುವ ಒಂದೇ ಮಷೀನಿನಲ್ಲಿ ನೋಡಿದ್ದು, ಬೇರೆ ಮಷೀನಿಗೆ ಈ ಅಂಕಿ ಬಳಸಬೇಡಿ—ಅಂತ ಬರೆದಿದ್ದಾಳೆ. ಗೆರೆ ಹಾಕಿ ಬರೆದಿದ್ದಾಳೆ.

ಬೇಡ ಅಂತ ಹೇಳಿದವಳ ಹೆಸರನ್ನೇ ಹೌದು ಅಂದವಳ ಜಾಗದಲ್ಲಿ ಕೂರಿಸಿದೆ. ಪ್ರೂಫ್ ನೋಡಿ ಬದುಕಿದವನು ನಾನು. ಬೇರೆಯವರ ಪತ್ರಿಕೆಯಲ್ಲಿ ಒಂದು ಬಿಂದು ತಪ್ಪಿದರೂ ಹಿಡಿಯುತ್ತಿದ್ದೆ...

ಅವಳ ಹೆಸರು ಇಲ್ಲದಿದ್ದಿದ್ದರೆ ಹಳೇ ಕ್ಯಾಟಲಾಗ್ ತೆಗೆದ ಕೂಡಲೇ ಅಲ್ಲಿ ಕೆಂಪು ಬರುತ್ತಿತ್ತು. ದಿವ್ಯಾ ಕೇಳುತ್ತಿದ್ದಳು. ಮೇಲ್ ಹಾಕುತ್ತಿದ್ದೆವು. 160 ಅಂತ ಬರುತ್ತಿತ್ತು. ಖಾಲಿ ಜಾಗ ತನ್ನ ಕೆಲಸ ಮಾಡುತ್ತಿತ್ತು. ನಾನು ಅದನ್ನು ಮುಚ್ಚಿದೆ. ಅದೂ ಪ್ರೀತಿಯಿಂದ.

ಮೇ 17, ಶುಕ್ರವಾರ

ಕೃಪಾ ರಾಜೀನಾಮೆ ಕೊಟ್ಟಳು. ಶ್ರೀಧರ್ ಭಾವ ಬಂದು ಕರೆದುಕೊಂಡು ಹೋದರು. ಭಾವ ಕಾಫಿ ಕುಡಿದರು, ಲೋಟ ತಾವೇ ತೊಳೆದಿಟ್ಟರು. ನಮ್ಮ ಮನೆಯಲ್ಲಿ ಅವರು ಎಂದೂ ಲೋಟ ತೊಳೆದವರಲ್ಲ. ಯಮುನಾ ಅದನ್ನು ನೋಡಿ ಒಳಗೆ ಹೋಗಿಬಿಟ್ಟಳು.

ಮಧ್ಯಾಹ್ನ ನಿನ್ನ ಫೋನು. ನಾನು ಏನೇನೋ ಹೇಳುತ್ತಿದ್ದೆ. ಅವಳ ಹೆಸರು ಅಚ್ಚಿನಲ್ಲಿ ಬರಲಿ ಅಂತ, ಅವಳ ಶ್ರಮ ಯಾರಿಗೂ ಕಾಣುತ್ತಿರಲಿಲ್ಲ ಅಂತ. ನೀನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಅಂದೆ—

“ಅಣ್ಣ, ಅವಳನ್ನ ಒಂದು ಮಾತು ಕೇಳಿದ್ಯಾ? ಒಂದೇ ಮನೇಲಿ ಇದ್ರಿ. ಒಂದೇ ತಟ್ಟೇಲಿ ಕಡಲೆಕಾಯಿ ತಿಂದ್ರಿ. ಹಾಕ್ಲಾ ಮಗಳೇ ಅಂತ ಕೇಳೋಕೆ ಆಗ್ಲಿಲ್ವಾ?”

“ಇನ್ನು ಸ್ವಲ್ಪ ದಿನ ಫೋನ್ ಮಾಡ್ಬೇಡ ಅಣ್ಣ” ಅಂದೆ ನೀನು. ಇಟ್ಟೆ.

ಜೂನ್ 10, ಸೋಮವಾರ

ನೀನು ಮಾತು ಬಿಟ್ಟು ಇಷ್ಟು ದಿನ ಎಂದೂ ಆಗಿರಲಿಲ್ಲ. ಚಿಕ್ಕವರಿದ್ದಾಗ ಜಗಳವಾದರೆ ಸಂಜೆಯೊಳಗೆ ನೀನೇ ಹುಣಸೆಹಣ್ಣು ತಂದು ಕೊಡುತ್ತಿದ್ದೆ. ಅರ್ಧ ಕಚ್ಚಿದ್ದು.

ಮ್ಯಾನ್ಯುಯಲ್ ತಿದ್ದಿದ್ದಾಯಿತು. 160, ಪಕ್ಕದಲ್ಲಿ ಹೊಸ ಕ್ಯಾಟಲಾಗ್, ಅದೊಂದೇ. ಪುಸ್ತಕದ ಮೊದಲಲ್ಲಿ ಏನು ಬದಲಾಯಿತು ಅಂತ ಹೇಳುವ ಒಂದು ಪುಟ ಇರುತ್ತೆ. ಅಲ್ಲಿ ಬರೆದೆ: ಹಿಂದಿನ ಆವೃತ್ತಿಯಲ್ಲಿ ಕೃಪಾ ಎಸ್. ಅವರ ಟಿಪ್ಪಣಿಯನ್ನು ಅವರಿಗೆ ತಿಳಿಸದೆ, ಪೂರ್ತಿ ಓದದೆ ಸೇರಿಸಲಾಗಿತ್ತು, ಈ ಅಂಕಿಯನ್ನು ಬಳಸಬಾರದೆಂದು ಅವರು ಆ ಟಿಪ್ಪಣಿಯಲ್ಲೇ ಎಚ್ಚರಿಸಿದ್ದರು, ತಪ್ಪು ಎನ್. ಮುನಿರಾಜು ಅವರದು. ದಿವ್ಯಾ ಓದಿ, “ಸಾರ್, ಇಂಥದ್ದು ಯಾವ ಮ್ಯಾನ್ಯುಯಲ್ಲಲ್ಲೂ ನಾನು ನೋಡಿಲ್ಲ” ಅಂದಳು. ಅಳಿಸಲಿಲ್ಲ. ಅಮರಪ್ಪನವರ ಹತ್ತಿರ ತೆಗೆದುಕೊಂಡು ಹೋದಳು. ಬಹಳ ಹೊತ್ತು ಒಳಗಿದ್ದಳು. ಸಹಿ ಹಾಕಿಸಿಕೊಂಡು ಬಂದಳು.

ಅದೇ ಸಂಜೆ ನಾನೂ ಕೆಲಸ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ. ದಿವ್ಯಾ ಗೇಟಿನವರೆಗೂ ಬಂದಳು. ಕೃಪಾಗೆ ಆ ಪುಟ ತಾನೇ ಕಳಿಸುತ್ತೇನೆ ಅಂದಳು. ಬೇಡ, ಮೊದಲು ಅವಳನ್ನು ಕೇಳು ಅಂದೆ.

ಜುಲೈ 7, ಭಾನುವಾರ

ಬಸಲಿಂಗನನ್ನು ನೋಡಿ ಬಂದೆ. ರಾಯಚೂರಿನ ಕಡೆಯವನು, ದಾಬಸ್‌ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾನೆ. ಬಲಗೈ ಚರ್ಮ ಎಳೆದುಕೊಂಡಿದೆ, ಬೆರಳು ಪೂರ್ತಿ ಮಡಚುವುದಿಲ್ಲ. ಕಂಪನಿ ಆಸ್ಪತ್ರೆ ಖರ್ಚು ನೋಡಿಕೊಂಡಿದೆ. ಕೆಲಸ ಇಟ್ಟಿದ್ದಾರೆ, ಆದರೆ ಮಷೀನಿನ ಮೇಲಲ್ಲ.

ನಾನು ಯಾರು ಅಂತ ಹೇಳಿದೆ. ಅವನು ಹೆಂಡತಿಗೆ ಚಹಾ ಇಡಲು ಹೇಳಿದ.

“ಪುಸ್ತಕದಾಗ ಇತ್ತಲ್ರೀ ಸರ, ಅದಕ್ಕ ಇಟ್ಟೆ,” ಅಂದ. “ಓದಿದವ್ರು ಬರದಿರ್ತಾರ ಅಂತ.”

ಕೋಪದಿಂದ ಹೇಳಲಿಲ್ಲ. ಹಾಗೆ ಹೇಳಿದ, ಅಷ್ಟೇ. ಬರುವಾಗ ಎಡಗೈ ಎತ್ತಿ ಬೀಳ್ಕೊಟ್ಟ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ.

ಶಶಿ, ನಮ್ಮ ಮನೆಯ ಮಾತೇ ದೊಡ್ಡದಾಗಿ ಕಾಣುತ್ತಿತ್ತು ನನಗೆ. ಇಷ್ಟು ದಿನ.

ಜುಲೈ 29, ಸೋಮವಾರ

ಭಾವನಿಗೆ ಫೋನ್ ಮಾಡಿದೆ. ಎಲ್ಲರೂ ಚೆನ್ನಾಗಿದ್ದಾರೆ ಅಂದರು. ಕೃಪಾಗೆ ಬೊಮ್ಮಸಂದ್ರದಲ್ಲಿ ಬೇರೆ ಕೆಲಸವಾಗಿದೆ. ದಿವ್ಯಾ ಕೇಳಿ ಕಳಿಸಿದ ಆ ತಿದ್ದುಪಡಿಯ ಪುಟವನ್ನು ಅಲ್ಲಿಯವರಿಗೆ ತೋರಿಸಿದ್ದಳಂತೆ. ಹುಡುಗನ ಮನೆಯವರು ಏನೂ ಅನ್ನಲಿಲ್ಲವಂತೆ. ಶಶಿ ಅಂತ ಕೇಳಿದೆ. ಅಡುಗೆಮನೆಯಲ್ಲಿದ್ದಾಳೆ ಅಂದರು. ಪಾತ್ರೆಯ ಸದ್ದು ಕೇಳಿಸುತ್ತಿತ್ತು, ನಾನು ಮಾತಾಡುವಾಗಲೆಲ್ಲ ಅದು ನಿಲ್ಲುತ್ತಿತ್ತು.

ಪತ್ರಿಕೆಯ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಗಸ್ಟ್ 7, ಬುಧವಾರ, ಬೆಳಗ್ಗೆ

ವಾಟ್ಸಾಪಿನಲ್ಲಿ ಕೃಪಾ. ಮೊದಲು ಒಂದು ಚಿತ್ರ, ಆಮೇಲೆ ಮಾತು.

“ಮಾವ, ಪತ್ರಿಕೆ ಪ್ರೂಫ್. ಆಷಾಢ ಮುಗೀಲಿ ಅಂತ ಅಜ್ಜಿ ತಡೆದಿದ್ರು. ಒಂದ್ಸಲ ನೋಡಿ ಕೊಡಿ. ಪೂರ್ತಿ ಓದಿ.”

ಕೊನೆಯ ಮಾತಿನ ಪಕ್ಕ ನಗುವ ಮುಖ ಹಾಕಿದ್ದಾಳೆ. ನಾನು ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಪೂರ್ತಿ ಓದಿದೆ. ಎರಡು ಸಲ. ಮುಹೂರ್ತದ ಸಾಲಿನಲ್ಲಿ ವಾರ ತಪ್ಪಿತ್ತು. ಲಕ್ಷ್ಮಮ್ಮನವರ ಹೆಸರಿನ ಮುಂದೆ ಶ್ರೀಮತಿ ಬಿಟ್ಟುಹೋಗಿತ್ತು, ಅವರು ಸುಮ್ಮನಿರುವವರಲ್ಲ. ಛತ್ರದ ವಿಳಾಸ ಸರಿ. ಎಲ್ಲಕ್ಕಿಂತ ಕೆಳಗೆ, ಎಡಗಡೆ, ‘ವಧುವಿನ ಸೋದರಮಾವ’ ಅಂತಿದೆ. ಅದರ ಕೆಳಗೆ ಏನೂ ಇಲ್ಲ. ಬಿಳಿ ಜಾಗ.

ಪ್ರೆಸ್ಸಿನವನ ಮಾದರಿ ಪತ್ರಿಕೆಯಲ್ಲಿ ಆ ತಲೆಬರಹ ಇದ್ದೇ ಇರುತ್ತೆ, ತೆಗೆಯಲು ಮರೆತಿರಬಹುದು. ಅಥವಾ ನೀನೇ ನನಗೆ ಅಂತ ಬಿಟ್ಟಿರಬಹುದು. ಯಮುನಾ ನನ್ನ ಭುಜದ ಹಿಂದೆ ನಿಂತು ನೋಡಿದಳು.

“ಬರೀರಿ, ನಿಮ್ಮದೇ ಜಾಗ. ಬಾಯಿಬಿಟ್ಟು ಕೇಳ್ತಾಳಾ ನಿಮ್ಮ ತಂಗಿ?”

ಬರೆಯಲು ಎಷ್ಟು ಹೊತ್ತು. ಒಂದು ಇನಿಷಿಯಲ್, ಒಂದು ಹೆಸರು. ಕೈ ಹೋಯಿತು ಕೂಡ.

ಬರೆಯಲಿಲ್ಲ. ಉಳಿದದ್ದನ್ನು ತಿದ್ದಿ ಕೃಪಾಗೆ ಕಳಿಸಿದೆ. ಆ ಸಾಲು ನಿಮ್ಮಮ್ಮನನ್ನು ಕೇಳಬೇಕು, ನಾನೇ ಕೇಳುತ್ತೇನೆ ಅಂದೆ. ಸರಿ ಮಾವ ಅಂದಳು. ಅಷ್ಟೇ.

ಫೋನ್ ಮಾಡಬೇಡ ಅಂದಿದ್ದೀಯ. ಬರೆಯಬೇಡ ಅಂದಿಲ್ಲ. ಯಮುನಾ ಪೋಸ್ಟಾಫೀಸಿಗೆ ಹೋಗಿ ಇನ್‌ಲ್ಯಾಂಡ್ ತಂದಿದ್ದಾಳೆ. ಇವತ್ತಿನದು ಕಳಿಸುವ ಕಾಗದ. ಮೊದಲು ಇಲ್ಲಿ ಬರೆದುಕೊಂಡು ಅದಕ್ಕೆ ಇಳಿಸುತ್ತೇನೆ, ಹೊಡೆದುಹಾಕಿದ್ದು ನಿನಗೆ ಕಾಣಬಾರದು.

ಶಶಿ, ಹೇಗಿದ್ದೀಯ? ಭಾವನ ಕೆಮ್ಮು, ಲಕ್ಷ್ಮಮ್ಮನವರ ಮಂಡಿ, ಕೃಪಾಳ ಹೊಸ ಕೆಲಸ, ಎಲ್ಲ ಸುಖವೆಂದು ನಂಬಿದ್ದೇನೆ. ಪ್ರೂಫ್ ನೋಡಿದ್ದೇನೆ. ಒಂದು ಸಾಲನ್ನು ಮುಟ್ಟಿಲ್ಲ, ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನಿರಬೇಕು ಅಂತ ನಿನ್ನನ್ನು ಕೇಳುತ್ತಿದ್ದೇನೆ. ತಲೆಬರಹವನ್ನೇ ತೆಗೆದುಬಿಡು ಅಂದರೂ ತೆಗೆಸುತ್ತೇನೆ, ಮದುವೆಯ ದಿನ ಬಡಿಸುವವರ ಜೊತೆ ನಿಂತಿರುತ್ತೇನೆ, ಬೇಜಾರಿಲ್ಲ. ಪ್ರೆಸ್ಸಿನವನು ಕಾಯುತ್ತಿದ್ದಾನೆ. ಒಂದು ಸಾಲು ಸಾಕು. ಬೇಗ ಬರಿ ತಾಯಿ, ಅಲ್ಲಿಯವರೆಗೂ ಈ ಕಾಗದದ ಕೆಳಗೂ ಹೆಸರು ಹಾಕುವುದಿಲ್ಲ. ಇತಿ, ನಾನು.